ಎರವಲು ಅಜ್ಜ

ಮಿಲ್ಡಾಳ ಅಜ್ಜ ಜನ್ಮದಲ್ಲಿ ಒಂದು ಕುರಿಯನ್ನೂ ಮೇಯಿಸಿದವನಲ್ಲ. ಲಿಥುವೇನಿಯಾದ ಪನೆವೆಝಿಸ್ ಎಂಬ ಊರಿನಲ್ಲಿ, ಟೀವಿಯ ಗಾಜು ಮಾಡುವ ಕಾರ್ಖಾನೆಯ ಕುಲುಮೆಯ ಮುಂದೆ ನಿಂತು ನಿಂತು ಹುಬ್ಬು ಸುಟ್ಟುಕೊಂಡು, ಕಾರ್ಖಾನೆ ಮುಚ್ಚಿದ ಮೇಲೆ ಕಿಟಕಿಯ ಬಳಿ ಕೂತು ಪದಬಂಧ ತುಂಬಿಸುತ್ತ ಮುದುಕನಾದವನು. ಕುರಿಮಾಂಸ ಬೇಯುವ ವಾಸನೆ ಬಂದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಅಂಥವನನ್ನು ಇವತ್ತು ಬೆಳಿಗ್ಗೆ ಅವಳು ರೋಮ್ ನಗರದ ಪರೀಕ್ಷೆಯ ಕೋಣೆಯೊಂದರಲ್ಲಿ, ತುಂಬಿದ ಬೆಂಚುಗಳ ಮುಂದೆ, ಕುರುಬನನ್ನಾಗಿ ಮಾಡಿಬಿಟ್ಟಿದ್ದಳು. ಕೈಗೆ ಕೋಲು ಕೊಟ್ಟು, ಹೆಗಲಿಗೆ ಕಂಬಳಿ ಹಾಕಿ, ಬೆಟ್ಟದಿಂದ ಬಯಲಿಗೆ ಇಳಿಸಿದ್ದಳು. ಅದಕ್ಕಾಗಿ ಅವಳಿಗೆ ಮೂವತ್ತಕ್ಕೆ ಮೂವತ್ತು ಅಂಕ ಸಿಕ್ಕಿತ್ತು.

ಈಗ ಮಧ್ಯಾಹ್ನ ಕಳೆದಿತ್ತು. ಅವಳು ಟ್ರಾಮಿನಲ್ಲಿ ಕೂತಿದ್ದಳು. ಇಳಿಯಬೇಕಾದ ನಿಲ್ದಾಣ, ಸ್ಮಶಾನದ ಗೋಡೆ, ಗೋಡೆಯ ಪಕ್ಕದ ಹೂವಿನ ಅಂಗಡಿಗಳು ಹಿಂದೆ ಹೋಗಿದ್ದವು. ಮನೆಗೆ ಹೋದರೆ ಪಕ್ಕದ ಕೋಣೆಯ ಬೆನೆದೆತ್ತಾ ಇರುತ್ತಾಳೆ. ಇದ್ದರೆ ಮುಖ ಹೇಗೆ ತೋರಿಸುವುದು ಎನ್ನುವುದು ಒಂದು ಭಯ, ಇಲ್ಲದಿದ್ದರೆ ಎನ್ನುವುದು ಅದಕ್ಕಿಂತ ದೊಡ್ಡದು, ಅದನ್ನು ಅವಳು ಪೂರ್ತಿ ಯೋಚಿಸದೆ ಅರ್ಧಕ್ಕೇ ಬಿಟ್ಟು ಕಿಟಕಿಯ ಕಡೆ ತಿರುಗುತ್ತಿದ್ದಳು. ಎದುರು ಸೀಟಿನ ಹೆಂಗಸು ಮಡಿಲಲ್ಲಿ ತುಳಸಿಯಂಥ ಗಿಡದ ಕುಂಡವನ್ನು ಮಗುವಿನ ಹಾಗೆ ಅಪ್ಪಿಕೊಂಡು ಕೂತಿದ್ದಳು. ಗಿಡದ ವಾಸನೆಗೆ ಮಿಲ್ಡಾಳಿಗೆ ಅಡುಗೆಮನೆ ನೆನಪಾಯಿತು. ಇವತ್ತು ಎಲ್ಲದಕ್ಕೂ ಅಡುಗೆಮನೆಯೇ ನೆನಪಾಗುತ್ತಿತ್ತು. ಬೆನೆದೆತ್ತಾಳಿಗೆ ಓದು ಎಂದರೆ ನಡಿಗೆ. ಕಿಟಕಿಯಿಂದ ಪಾತ್ರೆ ತೊಳೆಯುವ ಜಾಗದವರೆಗೆ, ಅಲ್ಲಿಂದ ಮತ್ತೆ ಕಿಟಕಿಯವರೆಗೆ, ಹರಿದ ಚಪ್ಪಲಿ ಎಳೆಯುತ್ತ, ಕೈ ಬೀಸುತ್ತ, ಪಾಠವನ್ನು ಗಟ್ಟಿಯಾಗಿ ಒಪ್ಪಿಸುತ್ತ ತಿರುಗುವುದು. ಇಲ್ಲಿಯ ಹುಡುಗರೆಲ್ಲ ಹಾಗೆಯೇ ಓದುವುದು. ಪರೀಕ್ಷೆಯ ಕಾಲ ಬಂತೆಂದರೆ ಅಂಗಳದ ಸುತ್ತಲಿನ ಕಿಟಕಿಗಳಿಂದ ಒಬ್ಬರ ಕಾನೂನು ಇನ್ನೊಬ್ಬರ ಮೂಳೆಗಳ ಹೆಸರಿನ ಜೊತೆ ಕಲಸಿಕೊಂಡು ಕೇಳುತ್ತದೆ, ಮೇಲಿನ ಮಹಡಿಯ ಅಜ್ಜಿ ಬಟ್ಟೆ ಒಣಹಾಕುತ್ತ ನಡುವೆ ಬಾಯಿ ಹಾಕಿ ತಿದ್ದುವುದೂ ಉಂಟು. ಒಪ್ಪಿಸುವವರಿಗೆ ಎದುರಿಗೊಂದು ಕಿವಿ ಬೇಕು. ಚಳಿಗಾಲದಲ್ಲಿ ವಿನಿಮಯದ ವಿದ್ಯಾರ್ಥಿನಿಯಾಗಿ ಬಂದು ಪಕ್ಕದ ಕೋಣೆ ಹಿಡಿದ ಮಿಲ್ಡಾ ಆ ಕಿವಿಯಾದಳು. ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು, ಸಾಲಿನ ಮೇಲೆ ಬೆರಳಿಟ್ಟು, ತಪ್ಪಿದಲ್ಲಿ ಕೆಮ್ಮುವುದು ಅವಳ ಕೆಲಸ. ಅವಳಿಗೆ ಈ ಭಾಷೆ ಬಂದದ್ದೇ ಹಾಗೆ.

ಅವಳ ಊರಿನಲ್ಲಿ ಓದುವುದೆಂದರೆ ಬಾಯಿ ಮುಚ್ಚಿಕೊಳ್ಳುವುದು. ಪರೀಕ್ಷೆಯಲ್ಲಿ ಬರೆಯುತ್ತಾರೆ, ಹಾಳೆ ಕೊಟ್ಟು ಬರುತ್ತಾರೆ. ದಡ್ಡತನವಾದರೂ ಬುದ್ಧಿವಂತಿಕೆಯಾದರೂ ಅವರವರ ಹಾಳೆಯಲ್ಲಿ ಮರ್ಯಾದೆಯಾಗಿ ಮಲಗಿರುತ್ತದೆ. ಇಲ್ಲಿ ಹೆಸರು ಕೂಗಿದಾಗ ಎದ್ದು ಹೋಗಿ ಮೇಜಿನ ಎದುರು ಕೂರಬೇಕು. ಹಿಂದಿನ ಬೆಂಚುಗಳಲ್ಲಿ ಮುಂದಿನ ಸರದಿಯವರೆಲ್ಲ ಕೂತು, ಕೇಳಿದ ಪ್ರಶ್ನೆಗಳನ್ನು ಬರೆದುಕೊಳ್ಳುತ್ತ, ತಡವರಿಸಿದವರ ಕುತ್ತಿಗೆಯನ್ನೇ ನೋಡುತ್ತಿರುತ್ತಾರೆ. ಮಾತು ಮುಗಿದ ಮೇಲೆ ಪ್ರೊಫೆಸರು ಅಂಕ ಹೇಳಿ, ಒಪ್ಪುತ್ತೀರಾ ಎಂದು ಕೇಳುತ್ತಾರೆ. ಒಪ್ಪದಿದ್ದರೆ ಬೇಡ ಎಂದು ಎದ್ದು ಬರಬಹುದು, ಮುಂದಿನ ಸಲ ಮತ್ತೆ ಕೂರಬಹುದು. ಅಂಕ ಬೇಡವೆನ್ನುವ ಈ ಹಕ್ಕನ್ನು ಬೆನೆದೆತ್ತಾ ಮೊದಲ ಸಲ ವಿವರಿಸಿದಾಗ ಮಿಲ್ಡಾಳಿಗೆ ನಗು ಬಂದಿತ್ತು. ಊಟಕ್ಕೆ ಕೂತವರು ಬಡಿಸಿದ್ದು ಸಾಲದೆಂದು ತಟ್ಟೆ ತಳ್ಳಿದಂತೆ ಕಂಡಿತ್ತು. ಬೆನೆದೆತ್ತಾಳಿಗೆ ನಗು ಬರಲಿಲ್ಲ. ಮಧ್ಯಯುಗದ ಇತಿಹಾಸದ ಈ ಪರೀಕ್ಷೆಯಲ್ಲಿ ಅವಳು ಎರಡು ಸಲ ಬಿದ್ದಿದ್ದಳು, ಬೇಡವೆನ್ನುವುದಕ್ಕೂ ಅವಳಿಗೆ ಏನೂ ಸಿಕ್ಕಿರಲಿಲ್ಲ.

ದಕ್ಷಿಣ ಇಟಲಿಯ ಮೊಲಿಸೆಯಲ್ಲಿ ಬೆಟ್ಟದ ಮೇಲಿನ ಅವಳ ಊರಿಗೆ ಅದು ಗೊತ್ತಿರಲಿಲ್ಲ. ಮೊದಲ ಸಲ ಪ್ರೊಫೆಸರಿಗೆ ಹುಷಾರಿಲ್ಲ, ಪರೀಕ್ಷೆ ಮುಂದಕ್ಕೆ ಹೋಯಿತು ಎಂದು ತಾಯಿಗೆ ಹೇಳಿದಳು. ಎರಡನೆಯ ಸಲವೂ ಪ್ರೊಫೆಸರನ್ನೇ ಮಲಗಿಸಿದಳು. ತಾಯಿ ಕೊಂಚೆತ್ತಾ, ಪಾಪ ಆ ಮನುಷ್ಯನಿಗೆ ಏನಾಗಿದೆಯೋ ಎಂದು ಊರಿನಿಂದ ಬಸ್ಸಿನಲ್ಲಿ ಬರುವ ಬುಟ್ಟಿಯಲ್ಲಿ ಎಣ್ಣೆಯ ಬಾಟಲಿ, ಟೊಮೆಟೊ ಸೀಸೆಗಳ ಜೊತೆ ಪ್ರೊಫೆಸರಿಗೂ ಒಂದು ಸೋರೆಬುರುಡೆಯಷ್ಟು ದಪ್ಪದ ಗಿಣ್ಣು ಕಳಿಸಿದ್ದರು. ಅದನ್ನು ಇವರಿಬ್ಬರೇ ವಾರಗಟ್ಟಲೆ ಕೊಯ್ದು ತಿಂದರು. ಇದೊಂದು ಪಾಸಾದರೆ ಜುಲೈನಲ್ಲಿ ಪದವಿ. ತಲೆಗೆ ಎಲೆಯ ಕಿರೀಟ ಇಡುತ್ತಾರೆ, ಬಂದವರಿಗೆಲ್ಲ ಕೆಂಪು ಸಕ್ಕರೆ ಲೇಪಿಸಿದ ಬಾದಾಮಿ ಹಂಚುತ್ತಾರೆ. ಬಾದಾಮಿ ಕಟ್ಟಲು ಕೊಂಚೆತ್ತಾ ಈಗಾಗಲೇ ಬಲೆಬಟ್ಟೆ ಕತ್ತರಿಸಿ ಚೀಲ ಹೊಲಿದು ಇಟ್ಟಿದ್ದರು. ತಂದೆ ಊರ ಜನಕ್ಕೆಲ್ಲ ಹೇಳಿದ್ದ. ಮಾರ್ಚಿನಲ್ಲಿ ಒಂದು ಸಂಜೆ ಊಟದ ಹೊತ್ತಿಗೆ ಗೆಳೆಯರ್ಯಾರೋ ಒಂದು ಸುದ್ದಿ ಹೇಳಿದ್ದರು. ದಕ್ಷಿಣದ ಒಂದು ಊರಿನ ಹುಡುಗ, ಪದವಿಯ ದಿನ ಅಪ್ಪ ಅಮ್ಮ ಹೊಸ ಬಟ್ಟೆ ತೊಟ್ಟು, ಹೂಗುಚ್ಛ ಹಿಡಿದು ಕಾರಿನಲ್ಲಿ ಕಾಯುತ್ತಿದ್ದಾಗ, ಕೈ ತೊಳೆದು ಬರುತ್ತೇನೆಂದು ಹೋದವನು ಸೇತುವೆಯ ಕಡೆ ಹೋಗಿದ್ದ, ಮತ್ತೆ ಬರಲಿಲ್ಲ. ಅರ್ಧಕ್ಕರ್ಧ ಪರೀಕ್ಷೆಗಳಿಗೆ ಅವನು ಕೂತೇ ಇರಲಿಲ್ಲವಂತೆ. ಎಲ್ಲರೂ ದನಿ ತಗ್ಗಿಸಿದರು. ಬೆನೆದೆತ್ತಾ ಪಾಪ ಅಂದು, ಕಿತ್ತಳೆಯ ಸಿಪ್ಪೆಯನ್ನು ಎಲ್ಲೂ ತುಂಡಾಗದಂತೆ ಸುಲಿಯುವುದರಲ್ಲಿ ಮುಳುಗಿದಳು. ಆ ಸಿಪ್ಪೆ ಮಿಲ್ಡಾಳಿಗೆ ಇವತ್ತೂ ಕಣ್ಣಿಗೆ ಕಟ್ಟಿದಂತಿತ್ತು.

ಟ್ರಾಮು ಕೊನೆಯ ನಿಲ್ದಾಣದಲ್ಲಿ ಖಾಲಿಯಾಯಿತು. ಅವಳು ಇಳಿದು, ಬೀದಿಯ ನಲ್ಲಿಯ ನೀರಿಗೆ ಮುಖವೊಡ್ಡಿ, ಅದೇ ಟ್ರಾಮಿಗೆ ಮತ್ತೆ ಹತ್ತಿದಳು. ಡ್ರೈವರು ಒಮ್ಮೆ ತಿರುಗಿ ನೋಡಿದ. ಬೆಳಿಗ್ಗೆ ಪರೀಕ್ಷೆಯಲ್ಲಿ ಬೇರೆ ಯಾವುದಾದರೂ ವಿಷಯ ಹೇಳಬಹುದಿತ್ತು. ಹೇಳಬೇಕೆಂದೇ ಹೋಗಿದ್ದಳು. ಮಠಗಳ ಬಗ್ಗೆ, ಸನ್ಯಾಸಿಗಳ ದಿನಚರಿಯ ಬಗ್ಗೆ ಒಂದು ವಾರ ಬರೆದು ಬರೆದು ಕಲಿತಿದ್ದಳು. ಹೊರಗಿನಿಂದ ಬಂದವರನ್ನು ಮೊದಲು ಮುಗಿಸೋಣ ಎಂದು ಸಹಾಯಕ ಪಟ್ಟಿ ತಿರುವಿ, ಲಾಟ್ವಿಯಾದ ಹುಡುಗಿ ಎಲ್ಲಿ ಎಂದು ಕೂಗಿದ. ತಾನು ಲಾಟ್ವಿಯಾದವಳಲ್ಲ ಎಂದು ಹೇಳುವಷ್ಟು ಧೈರ್ಯವಿಲ್ಲದೆ ಅವಳು ಲಾಟ್ವಿಯಾದವಳಾಗಿಯೇ ಎದ್ದು ಹೋಗಿ ಕೂತಳು. ಪ್ರೊಫೆಸರ್ ಬೊನಾಕೊರ್ಸಿ ಬೀಸಣಿಗೆಯಂತೆ ಮಡಚಿದ ಕಾಗದದಲ್ಲಿ ಗಾಳಿ ಹಾಕಿಕೊಳ್ಳುತ್ತ, ಮಗುವಿಗೆ ಮಿಠಾಯಿ ಕೊಡುವವರ ದನಿಯಲ್ಲಿ, ನಿಮಗಿಷ್ಟವಾದದ್ದು ಯಾವುದಾದರೂ ಹೇಳಿ, ನಿಧಾನವಾಗಿ ಎಂದರು. ಅವರಿಗೆ ಆಗಲೇ ಅರ್ಧ ಬೇಸರ ಬಂದಿತ್ತು. ಸನ್ಯಾಸಿಗಳು ಒಬ್ಬೊಬ್ಬರಾಗಿ ಎದ್ದು ಹೋದರು. ತಲೆಯೊಳಗೆ ಒಂದೇ ಒಂದು ಪದವೂ ಉಳಿಯಲಿಲ್ಲ, ಉಳಿದದ್ದು ಹರಿದ ಚಪ್ಪಲಿಯ ಸದ್ದು ಮಾತ್ರ. ಆ ಸದ್ದಿನ ಹಿಂದೆಯೇ ಮಾತು ಬಂತು. ಚಳಿ ಶುರುವಾಗುವ ಹೊತ್ತಿಗೆ ಬೆಟ್ಟದ ಕುರಿಗಳು ಬಯಲಿಗೆ ಇಳಿಯುತ್ತಿದ್ದವು ಎಂದು ಶುರುಮಾಡಿದಳು. ಅಗಲವಾದ ಹುಲ್ಲುದಾರಿಗಳು, ರಾಜನ ಕುರಿಸುಂಕ, ಬಯಲಿನ ಫೊಜ್ಜಾ ಪಟ್ಟಣದಲ್ಲಿ ಲೆಕ್ಕದವರ ಮುಂದೆ ಕುರುಬರು ಕುರಿ ಬಚ್ಚಿಡುತ್ತಿದ್ದ ಉಪಾಯಗಳು, ಎಲ್ಲ ಒಂದರ ಬಾಲ ಇನ್ನೊಂದು ಹಿಡಿದುಕೊಂಡು ಬಂದವು. ಕೈ ಕೂಡ ಬೀಸುತ್ತಿದೆ ಎನ್ನುವುದು ಅವಳಿಗೆ ಗೊತ್ತಾದದ್ದು ತಡವಾಗಿ. ಪ್ರೊಫೆಸರು ಕಾಗದ ಬೀಸುವುದನ್ನು ನಿಲ್ಲಿಸಿದ್ದರು. ಮಿಲ್ಡಾ ಜೀವಮಾನದಲ್ಲಿ ಮೊದಲ ಸಲ ಜನರ ಮುಂದೆ ಚೆನ್ನಾಗಿ ಮಾತಾಡುತ್ತಿದ್ದಳು. ಆ ಸುಖವನ್ನು ಅವಳು ಈಗಲೂ ಅಲ್ಲಗಳೆಯಲಾರಳು. ಅಡುಗೆಮನೆಯಲ್ಲಿ ಬೆನೆದೆತ್ತಾ ಯಾವಾಗಲೂ ನಡಿಗೆ ನಿಲ್ಲಿಸುತ್ತಿದ್ದ ಜಾಗ ಬಂದಾಗ ಅವಳೂ ಒಂದು ಕ್ಷಣ ನಿಂತಳು, ಬೆನೆದೆತ್ತಾ ನಿಲ್ಲುತ್ತಿದ್ದಷ್ಟೇ ಹೊತ್ತು, ಆಮೇಲೆ ಹೇಳಿದಳು:

"ನಮ್ಮಜ್ಜ ಹೇಳ್ತಿದ್ರು, ಸಮುದ್ರದ ವಾಸನೆ ಕುರಿಗಳಿಗೆ ಎರಡು ದಿನ ಮೊದಲೇ ಹತ್ತುತ್ತೆ ಅಂತ. ಆಮೇಲೆ ನಾವು ಅವನ್ನ ಹೊಡ್ಕೊಂಡು ಹೋಗ್ತಿರ್ಲಿಲ್ಲ, ಅವೇ ನಮ್ಮನ್ನ ಹೊಡ್ಕೊಂಡು ಹೋಗ್ತಿದ್ವು ಅಂತ."

ಅದು ಬೆನೆದೆತ್ತಾಳ ಅಜ್ಜ ನಿಕಾಂದ್ರೊ ಹೇಳುತ್ತಿದ್ದ ಮಾತು. ಆತ ಹುಡುಗನಾಗಿದ್ದಾಗ ನಿಜವಾಗಿ ಆ ದಾರಿಯಲ್ಲಿ ನಡೆದವನು. ಎರಡು ವರ್ಷದ ಹಿಂದೆ ತೀರಿಕೊಂಡಿದ್ದ. ಪುಸ್ತಕದಲ್ಲಿಲ್ಲದ ಆ ಒಂದು ಮಾತನ್ನು ಬೆನೆದೆತ್ತಾ ಈ ಮೂರನೆಯ ಸಲಕ್ಕೆಂದೇ ಎತ್ತಿಟ್ಟುಕೊಂಡಿದ್ದಳು, ಕೋಟೆ ಕೊತ್ತಲಗಳ ಪ್ರಶ್ನೆಯಲ್ಲಿ ಎಡವಿದರೂ ಇದು ಕೈಹಿಡಿಯುತ್ತದೆ ಎಂದು ನಂಬಿದ್ದಳು. ಮಾತು ಬಾಯಿಂದ ಬಿದ್ದ ಮೇಲೆ ಮಿಲ್ಡಾಳಿಗೆ ಅರಿವಾಯಿತು. ಬೆನೆದೆತ್ತಾಳ ಅಜ್ಜ ಎಂದು ತಿದ್ದಬಹುದಿತ್ತು, ಒಂದು ಪದದ ಕೆಲಸ. ಆದರೆ ಪ್ರೊಫೆಸರು ಮುಂದಕ್ಕೆ ಬಾಗಿ, ಲಾಟ್ವಿಯಾದಲ್ಲೂ ಹೀಗೆ ಕುರಿ ಹೊಡೆಯುತ್ತಿದ್ದರೇ, ಎಂಥ ಸೋಜಿಗ ಎಂದು ಸಹಾಯಕನ ಕಡೆ ತಿರುಗಿ, ಇದನ್ನು ಬರೆದುಕೋ ಎಂದುಬಿಟ್ಟರು. ಮೂವತ್ತು, ಒಪ್ಪುತ್ತೀರಾ ಎಂದು ಕೇಳಿದರು. ಅವಳು ಒಪ್ಪಿದಳು. ಅವಳಿಗೆ ಮೂವತ್ತು ಬೇಕಾಗಿರಲಿಲ್ಲ. ಊರಿನ ವಿಶ್ವವಿದ್ಯಾಲಯ ಪಾಸಾದರೆ ಸಾಕು ಎಂದಿತ್ತು. ಇನ್ನು ಎರಡು ವಾರಕ್ಕೆ ವಿಮಾನ ಹತ್ತಿ ಹೋಗುವವಳಿಗೆ ಆ ಅಂಕ ಸಂತೆಯಲ್ಲಿ ಕೊಂಡ ಬಳೆಯಂಥದ್ದು, ತೊಟ್ಟರೂ ಸರಿ, ಬಿಟ್ಟರೂ ಸರಿ.

ಮಿಲ್ಡಾ ಬೆಂಚಿಗೆ ಮರಳುವಾಗ ಬೆನೆದೆತ್ತಾ ಎರಡನೆಯ ಸಾಲಿನಲ್ಲಿ ಕೂತು ತನ್ನ ಮೊಣಕಾಲುಗಳನ್ನು ನೋಡಿಕೊಳ್ಳುತ್ತಿದ್ದಳು. ಮಿಲ್ಡಾ ಹಿಂದಿನ ಸಾಲಿಗೆ ಹೋಗಿ ಕೂತಳು. ಹೊರಟುಹೋಗಬಹುದಿತ್ತು, ಆದರೆ ಹೊರಟರೆ ಬಾಗಿಲು ಕಿರುಗುಟ್ಟುತ್ತದೆ, ಎಲ್ಲರೂ ತಿರುಗುತ್ತಾರೆ. ಬೆನೆದೆತ್ತಾಳ ಹೆಸರು ಬಂದಾಗ ಗಂಟೆ ಹನ್ನೆರಡಾಗಿತ್ತು, ಪ್ರೊಫೆಸರಿಗೆ ಹಸಿವಾಗಿತ್ತು. ಅವಳಿಗೂ ಅದೇ ಉದಾರತೆ ಸಿಕ್ಕಿತು, ನಿಮಗಿಷ್ಟವಾದದ್ದರಿಂದ ಶುರುಮಾಡಿ. ಬೇರೆ ಏನನ್ನಾದರೂ ಹೇಳಲಿ ಎಂದು ಮಿಲ್ಡಾ ಮನಸ್ಸಿನಲ್ಲೇ ಅಂಗಲಾಚಿದಳು. ಬೆನೆದೆತ್ತಾ ಬೇರೆ ಹೇಳಲಿಲ್ಲ. ಬೇರೆ ಇರಲಿಲ್ಲವೋ, ತನ್ನದನ್ನು ತಾನೇಕೆ ಬಿಡಬೇಕು ಎನಿಸಿತೋ, ಚಳಿ ಶುರುವಾಗುವ ಹೊತ್ತಿಗೆ ಬೆಟ್ಟದ ಕುರಿಗಳು ಎಂದೇ ಶುರುಮಾಡಿದಳು. ಬೆಂಚುಗಳಲ್ಲಿ ಯಾರೋ ಕಿಸಕ್ಕೆಂದರು. ಅದೇ ಹುಲ್ಲುದಾರಿ, ಅದೇ ಸುಂಕ, ಅದೇ ಉಪಾಯಗಳು. ಈ ಸಲ ಮಾತು ಕುಂಟುತ್ತಿತ್ತು, ಕದ್ದ ಮಾಲು ಹೊತ್ತವರ ಹಾಗೆ. ನಮ್ಮಜ್ಜ ಹೇಳ್ತಿದ್ರು ಎಂಬಲ್ಲಿಗೆ ಬಂದಾಗ ಪ್ರೊಫೆಸರು ಕೈ ಎತ್ತಿದರು.

"ನಿಮ್ಮಿಬ್ಬರಿಗೂ ಒಬ್ಬನೇ ಅಜ್ಜನೇನಮ್ಮ?"

ಇಡೀ ಕೋಣೆ ನಕ್ಕಿತು. ಕೆಟ್ಟ ನಗು ಏನಲ್ಲ, ಸೆಕೆಗೆ ಸಿಕ್ಕಿದವರು ಒಂದು ಗಾಳಿ ಬೀಸಿದಾಗ ನಗುವ ನಗು. ಬೆನೆದೆತ್ತಾ ಕುರ್ಚಿಯಲ್ಲೇ ತಿರುಗಿ ಹಿಂದಿನ ಸಾಲಿನವರೆಗೂ ಹುಡುಕಿ ಮಿಲ್ಡಾಳನ್ನು ನೋಡಿದಳು. ಆ ಕಣ್ಣಿನಲ್ಲಿ ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಕಾಯುತ್ತಿದ್ದಳು. ಅಡುಗೆಮನೆಯಲ್ಲಿ ಮಾತು ಮರೆತಾಗ ಮಿಲ್ಡಾಳ ಬೆರಳು ಸಾಲನ್ನು ಹುಡುಕಲಿ ಎಂದು ಕಾಯುತ್ತಿದ್ದಂತೆಯೇ, ನಂಬಿಕೆಯಿಂದ ಕಾಯುತ್ತಿದ್ದಳು. ಎದ್ದು ನಿಂತು, ಅಜ್ಜ ಅವಳದು, ನಾನು ಕದ್ದೆ ಎಂದರೆ ಮುಗಿಯುತ್ತಿತ್ತು. ಮಿಲ್ಡಾ ಆ ವಾಕ್ಯವನ್ನು ಜೋಡಿಸಿದಳು. ಕದ್ದೆ ಎನ್ನಬೇಕೋ ತೆಗೆದುಕೊಂಡೆ ಎನ್ನಬೇಕೋ ಎಂದು ಹುಡುಕಿದಳು, ತಪ್ಪು ಹೇಳಿದರೆ ಮತ್ತೆ ನಗುತ್ತಾರೆ ಎಂದು ಅಂಜಿದಳು. ಅವಳ ಮುಂದಿನ ಮರದ ಮೇಲೆ ಯಾರೋ ಯಾವ ಕಾಲದಲ್ಲೋ ಒಂದು ದೋಣಿ ಕೆತ್ತಿದ್ದರು. ಆ ದೋಣಿಯ ಹಾಯಿಯನ್ನು ಉಗುರಿನಿಂದ ಕೆರೆಯುತ್ತ ಕೂತಳು. ತಲೆ ಎತ್ತಿದಾಗ ಬೆನೆದೆತ್ತಾ ಮುಂದಕ್ಕೆ ತಿರುಗಿಯಾಗಿತ್ತು. ಅವಳಾದರೂ ಬೆರಳು ತೋರಿಸಿ ಹೇಳಬಹುದಿತ್ತು. ಹೇಳಲಿಲ್ಲ, ಕ್ಷಮಿಸಿ ಸರ್ ಎಂದಳು. ಕೋಟೆಗಳ ಬಗ್ಗೆ ಕೇಳಿದರು, ತಡವರಿಸಿದಳು. ಇನ್ನೊಂದು ಕೇಳಿದರು, ಅದೂ ಬರಲಿಲ್ಲ. ಪ್ರೊಫೆಸರು ಕಾಗದಗಳನ್ನು ಜೋಡಿಸುತ್ತ, ಸೆಪ್ಟೆಂಬರಿನಲ್ಲಿ ಬನ್ನಿ, ಆಗ ನಿಮ್ಮ ಸ್ವಂತ ಅಜ್ಜನನ್ನ ಕರ್ಕೊಂಡು ಬನ್ನಿ ಎಂದರು. ಮತ್ತೆ ನಕ್ಕರು. ಬೆನೆದೆತ್ತಾ ಚೀಲ ಎತ್ತಿಕೊಂಡು, ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಹೋದಳು.

ಸ್ಮಶಾನದ ಗೋಡೆ ಮತ್ತೆ ಬಂದಾಗ ಮಿಲ್ಡಾ ಇಳಿದಳು. ಅರ್ಧಕ್ಕೆ ಬಿಟ್ಟಿದ್ದ ಯೋಚನೆ ಅಲ್ಲಿಯೇ ಪೂರ್ತಿಯಾಯಿತು. ಕಿತ್ತಳೆಯ ಸಿಪ್ಪೆ, ಸೇತುವೆ, ಹೂಗುಚ್ಛ ಹಿಡಿದು ಕಾರಿನಲ್ಲಿ ಕೂತ ತಂದೆತಾಯಿ. ನಡಿಗೆ ಓಟವಾಯಿತು. ಬೇಗ ಬಂದಿದ್ದರೆ ಎಂದು ತನಗೆ ತಾನೇ ಬೈದುಕೊಳ್ಳುತ್ತ, ಬೈದುಕೊಳ್ಳುವುದರಲ್ಲೂ ಒಂದು ನಾಟಕವಿದೆ ಎಂದು ಹೇಸಿಕೊಳ್ಳುತ್ತ, ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು. ಬಾಗಿಲ ಹೊರಗೆ ನಿಂತು ಕಿವಿಗೊಟ್ಟಳು. ಒಳಗೆ ಪಾತ್ರೆಯ ಸದ್ದಾಯಿತು. ಅವಳಿಗೆ ಸಮಾಧಾನವಾಯಿತು. ಆ ಸಮಾಧಾನದ ಬಾಲದಲ್ಲೇ, ಇದ್ದಾಳಲ್ಲ, ಇನ್ನು ಮುಖ ನೋಡಬೇಕಲ್ಲ ಎನ್ನುವ ಸಂಕಟವೂ ಬಂತು.

ಬೆನೆದೆತ್ತಾ ಹುರುಳಿಕಾಯಿಯ ತೊಟ್ಟು ಮುರಿಯುತ್ತಿದ್ದಳು. ಮುಖ ತೊಳೆದಿದ್ದಳು. ಇಷ್ಟು ಹೊತ್ತು ಎಲ್ಲಿದ್ಯೇ, ತಿಂದ್ಯಾ ಎಂದು ಕೇಳಿದಳು. ಮಿಲ್ಡಾ ತಿಂದಿಲ್ಲವೆಂದಳು. ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದಳು. ನಾಳೆ ಪ್ರೊಫೆಸರ ಬಳಿ ಹೋಗಿ ಹೇಳುತ್ತೇನೆ, ನನ್ನ ಅಂಕ ಬೇಡವೆನ್ನುತ್ತೇನೆ ಎಂದು ಹೇಳಬೇಕೆಂದಿದ್ದಳು. ಹೇಳಿಯೂ ಹೇಳಿದಳು, ಅರ್ಧ.

"ಬೇಡ ಅಂದ್ರೆ ಅದು ನಂಗೆ ಬರುತ್ತೇನೇ?" ಎಂದಳು ಬೆನೆದೆತ್ತಾ, ತಲೆ ಎತ್ತದೆ. "ಇಟ್ಕೋ. ನಮ್ಮಜ್ಜಂಗೆ ಒಬ್ಬರಾದ್ರೂ ಮೂವತ್ತು ಕೊಟ್ರಲ್ಲ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮೇಜಿನ ಮೇಲೆ ಅದು ನಡುಗುತ್ತ ಹುರುಳಿಕಾಯಿಯ ರಾಶಿಯವರೆಗೆ ಸರಿದು ಬಂತು. ಪರದೆಯ ಮೇಲೆ ಅಮ್ಮ ಎಂದಿತ್ತು. ಮಧ್ಯಾಹ್ನದಿಂದ ಎಷ್ಟನೆಯ ಸಲವೋ, ಬೆನೆದೆತ್ತಾ ಅದನ್ನು ನೋಡುತ್ತ ಕೂತಳು. ಆಮೇಲೆ ಕೈ ಒರೆಸಿಕೊಂಡು ಎತ್ತಿದಳು. ಹ್ಞೂ ಎಂದಳು, ಈಗ ಬಂದೆ ಎಂದಳು, ಗೆಳೆಯರ ಜೊತೆ ಇದ್ದೆ ಎಂದಳು. ಆಚೆಯಿಂದ ಒಂದು ಪ್ರಶ್ನೆ ಬಂದಿರಬೇಕು. ಅವಳು ಮಿಲ್ಡಾಳನ್ನೇ ನೆಟ್ಟ ಕಣ್ಣಿನಿಂದ ನೋಡುತ್ತ, ಮೂವತ್ತು ಎಂದಳು. ಫೋನಿನೊಳಗಿನ ಚೀರು ಇಡೀ ಅಡುಗೆಮನೆಗೆ ಕೇಳಿಸಿತು. ಯಾರನ್ನೋ ಕರೆಯುವ ಸದ್ದು, ಕುರ್ಚಿ ಎಳೆದ ಸದ್ದು, ಗಂಡಸಿನ ಕೆಮ್ಮು ಕೇಳಿಸಿದವು. ಬೆನೆದೆತ್ತಾ ಫೋನನ್ನು ಮಿಲ್ಡಾಳ ಮುಂದೆ ಹಿಡಿದಳು. ನಿನ್ನ ಹತ್ರ ಮಾತಾಡ್ಬೇಕಂತೆ ಎಂದಳು.

ಕೊಂಚೆತ್ತಾ ಅಳುತ್ತಿದ್ದರು. ಮಿಲ್ಡಾ ಕಂದ, ನೀನೂ ಅಲ್ಲೇ ಇದ್ಯಂತಲ್ಲ, ಇವಳು ಮೊದಲಿಂದಲೂ ಏನನ್ನೂ ನೆಟ್ಟಗೆ ಹೇಳೋಳಲ್ಲ, ನೀನು ಸುಳ್ಳು ಹೇಳೋ ಹುಡುಗಿ ಅಲ್ಲ, ನೀನು ಹೇಳು ಎಂದರು. ಮಿಲ್ಡಾಳಿಗೆ ಬೆಳಿಗ್ಗೆಯ ಕೋಣೆಯಲ್ಲಿ ಬಾರದಿದ್ದ ಧೈರ್ಯ ಈಗ ಬೇಕಾಗಿತ್ತು, ಅದೂ ಉಲ್ಟಾ ಕಡೆಗೆ. ಒಂದು ಇಲ್ಲ ಎಂದರೆ ಸಾಕಿತ್ತು. ಬಾದಾಮಿಯ ಚೀಲಗಳು ಕಪಾಟಿನೊಳಗೆ ಹೋಗುತ್ತಿದ್ದವು, ಒಂದು ತಿಂಗಳು ಅಳುತ್ತಿದ್ದರು, ಸೆಪ್ಟೆಂಬರು ಬರುತ್ತಿತ್ತು. ಇಲ್ಲ ಎನ್ನುವವರು ಬೆನೆದೆತ್ತಾಳ ಬದುಕನ್ನು ಕಾಪಾಡುತ್ತಿದ್ದರು, ಅದು ಅವಳಿಗೆ ಹಾಡುಹಗಲಿನಷ್ಟು ಸ್ಪಷ್ಟವಿತ್ತು. ಎದುರಿಗೆ ಬೆನೆದೆತ್ತಾ ಮತ್ತೆ ಕಾಯುತ್ತಿದ್ದಳು. ಬೆಳಿಗ್ಗೆಯದೇ ಕಣ್ಣು. ಎರಡನೆಯ ಸಲ ಆ ಕಣ್ಣಿಗೆ ಬೆನ್ನು ತಿರುಗಿಸುವುದು ಮಿಲ್ಡಾಳಿಂದ ಆಗಲಿಲ್ಲ.

"ಹೌದಮ್ಮ, ಮೂವತ್ತು," ಎಂದಳು.

"ಅಜ್ಜನ ಮಾತು ಹೇಳಿದ್ಲಾ?"

"ಹೇಳಿದ್ಲು."

"ಪ್ರೊಫೆಸರು ಏನಂದ್ರು? ನಕ್ರಾ?"

"ನಕ್ರು," ಎಂದಳು ಮಿಲ್ಡಾ. "ಎಲ್ಲರೂ ನಕ್ರು."

ಭಾನುವಾರ ಅಜ್ಜನ ಸಮಾಧಿಗೆ ಹೂ ಇಟ್ಟು ಹೇಳಿ ಬರುತ್ತೇವೆ ಎಂದರು ಕೊಂಚೆತ್ತಾ. ಬಾದಾಮಿಗೆ ನಾಳೆಯೇ ಅಂಗಡಿಯಲ್ಲಿ ಹೇಳಿಬಿಡುತ್ತೇನೆ, ನಿನ್ನ ಚೀಲ ಬೇರೆ ಕಟ್ಟಿಡುತ್ತೇನೆ, ಪದವಿಯ ದಿನ ನೀನು ನಮ್ಮ ಮೇಜಿನಲ್ಲೇ ಕೂರಬೇಕು ಎಂದರು. ಆ ದಿನ ತಾನು ಇಲ್ಲಿರುವುದಿಲ್ಲ, ಪನೆವೆಝಿಸ್‌ನಲ್ಲಿ ಅಜ್ಜನ ಕಿಟಕಿಯ ಬಳಿ ಕೂತಿರುತ್ತೇನೆ ಎಂಬುದು ಮಿಲ್ಡಾಳಿಗೆ ನೆನಪಾಯಿತು. ನೆನಪಾದೊಡನೆ ಎದೆ ಹಗುರವಾಯಿತು. ಹಗುರವಾದ ತನ್ನ ಎದೆಯ ಬಗ್ಗೆ ಅವಳಿಗೆ ಅಸಹ್ಯವಾಯಿತು. ಬರುತ್ತೇನಮ್ಮ ಎಂದು ಫೋನು ಇಟ್ಟಳು.

ಬೆನೆದೆತ್ತಾ ಒಲೆ ಹಚ್ಚಿ ನೀರಿಟ್ಟಳು, ಹುರುಳಿಕಾಯಿ ಸುರಿದಳು. ಹೊರಗೆ ಇನ್ನೂ ಬೆಳಕಿತ್ತು. ಅಂಗಳದ ಆಚೆಯ ಕಿಟಕಿಯಲ್ಲಿ ಯಾರೋ ಮೂಳೆಗಳ ಹೆಸರು ಒಪ್ಪಿಸುತ್ತಿದ್ದರು, ಅದೇ ಜಾಗದಲ್ಲಿ ಎಡವಿ ಮತ್ತೆ ಮೊದಲಿಂದ ಹಿಡಿಯುತ್ತಿದ್ದರು. ಜುಲೈಗೆ ಏನು ಮಾಡುತ್ತೀಯ ಎಂದು ಮಿಲ್ಡಾ ಕೇಳಿದಳು. ಅದಕ್ಕಿನ್ನೂ ದಿನವಿದೆ ಎಂದಳು ಬೆನೆದೆತ್ತಾ. ಆಮೇಲೆ ಅಲಮಾರಿನ ಮೇಲಿಂದ ಪುಸ್ತಕ ತೆಗೆದುಕೊಂಡು, ಇಷ್ಟು ತಿಂಗಳೂ ಮಿಲ್ಡಾ ಕೂರುತ್ತಿದ್ದ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೆ ಬಿಡಿಸಿಟ್ಟು, ಸಾಲಿನ ಮೇಲೆ ಬೆರಳಿಟ್ಟಳು.

"ಭಾನುವಾರ ಅಪ್ಪ ಫೋನ್ ಮಾಡ್ತಾರೆ. ಹೇಗೆ ಹೇಳ್ದೆ, ಏನೇನ್ ಹೇಳ್ದೆ ಅಂತ ಎಲ್ಲಾ ಕೇಳ್ತಾರೆ," ಎಂದಳು. "ನಂಗೆ ಏನೂ ನೆನಪಿಗೆ ಬರ್ತಿಲ್ಲ ಕಣೇ. ನೀನು ಹೇಳಿದ್ಯಲ್ಲ, ಹಾಗೇ ಒಂದ್ಸಲ ಹೇಳು."

ಮಿಲ್ಡಾ ಕಿಟಕಿಯ ಬಳಿ ಹೋಗಿ ನಿಂತಳು. ಚಳಿ ಶುರುವಾಗುವ ಹೊತ್ತಿಗೆ ಬೆಟ್ಟದ ಕುರಿಗಳು ಎಂದು ಶುರುಮಾಡಿದಳು. ನಿಂತಲ್ಲೇ ಹೇಳಲು ಮಾತು ಬರಲಿಲ್ಲ, ನಡೆಯತೊಡಗಿದಳು. ಹುಲ್ಲುದಾರಿ ಬಂತು, ಸುಂಕ ಬಂತು, ಫೊಜ್ಜಾ ಬಂತು. ಬೆನೆದೆತ್ತಾಳ ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು, ಒಂದು ಕಡೆ ಕೆಮ್ಮಿದಳು, ಮಿಲ್ಡಾ ತಿದ್ದಿಕೊಂಡಳು. ಪುಸ್ತಕದಲ್ಲಿ ಇಲ್ಲದ ಜಾಗ ಬಂದಾಗ ಬೆರಳು ನಿಂತಿತು. ಮಿಲ್ಡಾಳೂ ನಿಂತಳು. ಒಲೆಯ ಮೇಲೆ ನೀರು ಕುದಿಯುತ್ತಿತ್ತು.

"ಮುಂದೆ," ಎಂದಳು ಬೆನೆದೆತ್ತಾ, ಕಣ್ಣು ಎತ್ತದೆ.

"ನಮ್ಮಜ್ಜ ಹೇಳ್ತಿದ್ರು," ಎಂದಳು ಮಿಲ್ಡಾ.